ಮನಸ್ಸಿನ ಮಾತು ಕೇಳುವ ರೋಬೋ ಕೈ: ಡೆಮೊ ನೋಡಿದೆವು, ಎಎಂಸಿ ಯಾರದ್ದು?

ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ನಮ್ಮ ಸೋದರಮಾವ ಮಲಗುವ ಕೋಣೆಗೆ ಲೋಕಲ್ ರೈಲುಗಳ ಸದ್ದು ಚೆನ್ನಾಗಿ ಕೇಳುತ್ತದೆ. ಯಾವುದು ಫಾಸ್ಟ್, ಯಾವುದು ಸ್ಲೋ ಅಂತ ಅವರು ಸದ್ದಿನಲ್ಲೇ ಹೇಳುತ್ತಾರೆ. ಎಂಟು ವರ್ಷದ ಹಿಂದೆ, ಮಳೆಗಾಲ ಶುರುವಾಗುವ ಮೊದಲು, ಕುಂದಾಪುರದ ಹತ್ತಿರದ ಹಳೇ ಮನೆಗೆ ಹೋಗಿದ್ದರು. ಒಡೆದ ಹಂಚು ಬದಲಿಸಲು ಮಾಡು ಹತ್ತಿದವರು ಜಾರಿ ಬಿದ್ದರು. ಕುತ್ತಿಗೆಯ ನಾಲ್ಕನೇ ಮೂಳೆಯ ಹತ್ತಿರ ಬೆನ್ನುಹುರಿಗೆ ಪೆಟ್ಟು. ಡಾಕ್ಟರುಗಳ ಭಾಷೆಯಲ್ಲಿ ಸಿ4. ತಲೆ ಆಡಿಸುತ್ತಾರೆ, ಭುಜ ಸ್ವಲ್ಪ ಎತ್ತುತ್ತಾರೆ, ಮಾತು ಮೊದಲಿನ ಹಾಗೇ ಇದೆ. ಅದರಿಂದ ಕೆಳಗೆ ಏನೂ ಅವರು ಹೇಳಿದಂತೆ ಕೇಳುವುದಿಲ್ಲ.

ಹೋದ ತಿಂಗಳು ಯಾರೋ ವಾಟ್ಸಾಪ್‌ನಲ್ಲಿ ಒಂದು ವಿಡಿಯೊ ಕಳಿಸಿದರು. ಗಾಲಿಕುರ್ಚಿಯಲ್ಲಿ ಕೂತ ಒಬ್ಬರು ಸುಮ್ನೆ ನೋಡುತ್ತಿದ್ದಾರೆ, ಪಕ್ಕದ ರೋಬೋ ಕೈ ಲೋಟ ಎತ್ತಿ ಅವರ ಬಾಯಿಗೆ ತರುತ್ತದೆ. ಮಾವ ಅದನ್ನು ಮೂರು ಸಲ ಹಾಕಿಸಿಕೊಂಡು ನೋಡಿದರು. ಆಮೇಲೆ ಕೇಳಿದರು, "ಮಾರಾಯಾ, ನೀನು ಆಸ್ಪತ್ರೆ ಮೆಷಿನ್ ರಿಪೇರಿ ಮಾಡುವವ. ನಿಜ ಹೇಳು. ಇದು ಸತ್ಯವಾ? ಸತ್ಯ ಆದ್ರೆ ಇಲ್ಲಿಗೆ ಯಾವಾಗ ಬರ್ತದೆ?"

ಎರಡು ಪ್ರಶ್ನೆ. ಮೊದಲನೆಯದಕ್ಕೆ ಅಲ್ಲೇ ಉತ್ತರ ಕೊಟ್ಟೆ: ಸತ್ಯ. ಎರಡನೆಯದಕ್ಕೆ ಒಂದು ತಿಂಗಳು ಓದಬೇಕಾಯಿತು. ನಮ್ಮ ಊರಿನವರ, ನೆಂಟರ ಗುಂಪುಗಳಲ್ಲಿ ಇಂಥ ವಿಡಿಯೊ ಓಡಾಡುತ್ತಲೇ ಇರುತ್ತವೆ, ಮನೆಯಲ್ಲಿ ಹಾಸಿಗೆ ಹಿಡಿದವರು ಇರುವವರಿಗೆ ಅದನ್ನು ನೋಡಿ ಏನನ್ನಿಸುತ್ತದೆ ಅಂತ ಕಳಿಸುವವರಿಗೆ ಗೊತ್ತಿರುವುದಿಲ್ಲ. ಅದಕ್ಕೇ ತಿಳಿದದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ವಿಷಯ. ಇದು ನಿನ್ನೆ ಮೊನ್ನೆಯ ಸಾಧನೆ ಅಲ್ಲ. 2004ರಲ್ಲೇ ಅಮೆರಿಕದ ಬ್ರೈನ್‌ಗೇಟ್ ಎಂಬ ಪ್ರಯೋಗದಲ್ಲಿ ಮ್ಯಾಥ್ಯೂ ನೇಗಲ್ ಎಂಬ ಯುವಕನ ಮೆದುಳಿಗೆ ಸಣ್ಣ ಚಿಪ್ ಇಟ್ಟರು. ಚಾಕು ಇರಿತದಿಂದ ಕೈಕಾಲಿನ ಚಲನೆ ಕಳೆದುಕೊಂಡಿದ್ದವನು, ಬರೀ ಯೋಚನೆಯಿಂದ ಕಂಪ್ಯೂಟರಿನ ಕರ್ಸರ್ ಆಡಿಸಿದ, ಇಮೇಲ್ ತೆರೆದ, ಕೃತಕ ಕೈಯನ್ನು ಮುಚ್ಚಿ ತೆರೆದ. ಆಮೇಲೆ ಕ್ಯಾಥಿ ಹಚಿನ್ಸನ್. ಮೆದುಳುಕಾಂಡದ ಸ್ಟ್ರೋಕ್ ಆಗಿ ಸುಮಾರು 15 ವರ್ಷ ಮಾತೂ ಇಲ್ಲದೆ, ಕೈಕಾಲೂ ಆಡದೆ ಇದ್ದ ಹೆಂಗಸು. 2011ರ ಏಪ್ರಿಲ್‌ನಲ್ಲಿ ರೋಬೋ ಕೈಯಿಂದ ಕಾಫಿ ಬಾಟಲಿ ಎತ್ತಿ, ಬಾಯಿಗೆ ತಂದು ಕುಡಿದು, ಮತ್ತೆ ಮೇಜಿನ ಮೇಲೆ ಇಟ್ಟರು. ಆರು ಸಲ ಪ್ರಯತ್ನಿಸಿ ನಾಲ್ಕು ಸಲ ಕುಡಿದರು. 2012ರಲ್ಲಿ ಅದು ನೇಚರ್ ಪತ್ರಿಕೆಯಲ್ಲಿ ಬಂತು. ಆ ಕಾಫಿಯ ನಂತರದ ಅವರ ನಗುವಿನ ವಿಡಿಯೊ ಹುಡುಕಿ ನೋಡಿ. ಅದನ್ನು ಮಾವನಿಗೆ ತೋರಿಸಿದಾಗ ಅವರು ಕೈಯ ಕಡೆ ನೋಡಲೇ ಇಲ್ಲ, ಆ ಮುಖವನ್ನೇ ನೋಡುತ್ತಿದ್ದರು.

ಅದೇ ವರ್ಷ ಪಿಟ್ಸ್‌ಬರ್ಗ್‌ನಲ್ಲಿ ಜಾನ್ ಶೂರ್ಮನ್ ಎಂಬವರು ಇನ್ನೂ ಸಲೀಸಾಗಿ, ಮಣಿಕಟ್ಟು ತಿರುಗಿಸಿ, ಬೆರಳು ಮಡಚಿ, ತಾವೇ ಚಾಕೊಲೇಟ್ ತಿಂದರು.

ಹಾಗಾದರೆ ಇಷ್ಟು ವರ್ಷ ಏನಾಗುತ್ತಿತ್ತು? ನನ್ನ ಪ್ರಕಾರ ಇಡೀ ವಿಷಯದ ತಿರುಳು ಇಲ್ಲಿದೆ. ನಾನು ಸರ್ವಿಸ್ ಕೆಲಸದವನು. ಇಸಿಜಿ, ಇಇಜಿ (ತಲೆಯ ಮೇಲಿಂದ ಮೆದುಳಿನ ಮಿಡಿತ ಹಿಡಿಯುವ ಯಂತ್ರ), ಮಾನಿಟರ್ ಇವುಗಳ ಜೊತೆ ಹತ್ತೊಂಬತ್ತು ವರ್ಷ ಕಳೆದಿದ್ದೇನೆ. ನಮ್ಮ ಕೆಲಸದಲ್ಲಿ ಒಂದು ಮಾತಿದೆ, ಮೆಷಿನ್ ಹೇಗಿದೆ ಅಂತ ಡೆಮೊ ದಿನ ಗೊತ್ತಾಗುವುದಿಲ್ಲ, ಎಎಂಸಿ, ಅಂದರೆ ವರ್ಷವರ್ಷದ ರಿಪೇರಿ ಒಪ್ಪಂದ, ಶುರುವಾದ ಮೇಲೆ ಗೊತ್ತಾಗುತ್ತದೆ. ಡೆಮೊ ದಿನ ಕಂಪನಿಯ ಐದು ಜನ ಸುತ್ತ ನಿಂತಿರುತ್ತಾರೆ, ಎಸಿ ಸರಿಯಾಗಿರುತ್ತದೆ, ಹೊಸ ಕೇಬಲ್ ಇರುತ್ತದೆ. ಸಾವಿರನೇ ದಿನ ರಾತ್ರಿ ಪಾಳಿಯ ನರ್ಸ್ ಒಬ್ಬಳೇ ಇರುತ್ತಾಳೆ. ಅವತ್ತೂ ಅದು ಕೆಲಸ ಮಾಡಬೇಕು. ಮೆದುಳಿನಿಂದ ನಡೆಯುವ ಕೈಯ ವಿಷಯದಲ್ಲೂ ಇದೇ ಅಳತೆಗೋಲು ಹಿಡಿದರೆ ಯಾವುದು ಸುದ್ದಿ, ಯಾವುದು ನಿಜವಾದ ಮುನ್ನಡೆ ಅಂತ ಬೇಗ ಗೊತ್ತಾಗುತ್ತದೆ.

ಈಗ ಒಳಗೆ ಏನು ನಡೆಯುತ್ತದೆ ನೋಡೋಣ.

ಕೈ ಎತ್ತಬೇಕು ಅಂದಾಗ ಮೆದುಳಿನ ಮೇಲ್ಭಾಗದ ಒಂದು ಪಟ್ಟಿಯಿಂದ ಆಜ್ಞೆ ಹೊರಡುತ್ತದೆ. ಅದು ಬೆನ್ನುಹುರಿಯಲ್ಲಿ ಇಳಿದು, ನರಗಳ ದಾರಿಯಲ್ಲಿ ಸ್ನಾಯುವಿಗೆ ಹೋಗಬೇಕು. ಬೆನ್ನುಹುರಿಗೆ ಪೆಟ್ಟಾದವರಲ್ಲಿ ಮಧ್ಯದ ದಾರಿ ಕೆಟ್ಟಿರುತ್ತದೆ, ಎರಡೂ ತುದಿ ಅಲ್ಲ. ಕೊಂಕಣ ರೈಲ್ವೆಯಲ್ಲಿ ಗುಡ್ಡ ಜರಿದು ಹಳಿ ಮುಚ್ಚಿದರೆ ಮುಂಬೈಯ ಸ್ಟೇಷನ್ನೂ ಇರುತ್ತದೆ, ಮಂಗಳೂರಿನ ಸ್ಟೇಷನ್ನೂ ಇರುತ್ತದೆ, ಗಾಡಿ ಮಾತ್ರ ಹೋಗುವುದಿಲ್ಲ. ಅಷ್ಟೇ. ಆದರೆ ವರ್ಷಗಟ್ಟಲೆ ಗಾಡಿ ಹೋಗದಿದ್ದರೆ ಸ್ಟೇಷನ್ನೇ ಪಾಳು ಬೀಳುತ್ತದೆ ಅಲ್ವಾ, ಮೆದುಳಿನಲ್ಲೂ ಹಾಗೇ ಆಗಿರಬಹುದು ಅನ್ನುವ ಅನುಮಾನ ತುಂಬಾ ಜನರಿಗಿತ್ತು. ನೇಗಲ್ ಪ್ರಯೋಗ ಆ ಅನುಮಾನವನ್ನು ಬಗೆಹರಿಸಿತು. ಪೆಟ್ಟು ಬಿದ್ದು ಮೂರು ವರ್ಷ ಕಳೆದಿದ್ದರೂ, ಕೈ ಆಡಿಸಬೇಕು ಅಂತ ಅವನು ಮನಸ್ಸು ಮಾಡಿದ ಕೂಡಲೇ ಅದೇ ಜಾಗದ ನರಕೋಶಗಳು ಮಿಡಿಯುತ್ತಿದ್ದವು. ಹಚಿನ್ಸನ್ ವಿಷಯದಲ್ಲಿ 15 ವರ್ಷದ ಮೇಲೂ.

ಇದನ್ನು ಹೇಳಿದಾಗ ಮಾವನಿಗೆ ಆಶ್ಚರ್ಯವೇ ಆಗಲಿಲ್ಲ. ಅವರು ಇಪ್ಪತ್ತೈದು ವರ್ಷ ಮಾಟುಂಗಾದ ಒಂದು ಹೋಟೆಲಿನಲ್ಲಿ ಗಲ್ಲೆಯ ಮೇಲೆ ಕೂತವರು. "ಕಣ್ಣು ಮುಚ್ಚಿದ್ರೆ ನಾನು ಈಗಲೂ ನೋಟು ಎಣಿಸ್ತೇನೆ ಮಾರಾಯಾ. ಹೆಬ್ಬೆರಳಿಗೆ ಒದ್ದೆ ಸ್ಪಂಜು ತಾಗಿದ ಹಾಗೆ ಆಗ್ತದೆ" ಅಂದರು. ಪ್ರಯೋಗಗಳಲ್ಲಿ ರೋಗಿಗೆ ಹೇಳುವುದೂ ಬಹುಮಟ್ಟಿಗೆ ಇದನ್ನೇ. ಕೈ ಆಡುವುದಿಲ್ಲ ಅಂತ ಗೊತ್ತಿದ್ದರೂ ಆಡಿಸಲು ಹೋಗಿ, ಅಥವಾ ಆಡಿಸಿದ ಹಾಗೆ ನೆನೆಯಿರಿ. ಆಗ ಬರುವ ಮಿಡಿತವನ್ನು ಹಿಡಿದು ಕಂಪ್ಯೂಟರ್ ಕಲಿಯುತ್ತದೆ.

ಒಂದು ನರಕೋಶ ಒಂದೇ ಸ್ನಾಯುವಿನ ಸ್ವಿಚ್ ಅಲ್ಲ. 1980ರ ದಶಕದಲ್ಲಿ ಅಪೊಸ್ಟೊಲೋಸ್ ಜಾರ್ಜೊಪೌಲೋಸ್ ಮತ್ತು ಅವರ ಜೊತೆಯವರು ಕೋತಿಗಳ ಮೇಲೆ ಮಾಡಿದ ಪ್ರಯೋಗದಲ್ಲಿ ಕಂಡದ್ದು ಬೇರೆ. ಪ್ರತಿ ನರಕೋಶಕ್ಕೂ ತನಗೆ ಇಷ್ಟವಾದ ಒಂದು ದಿಕ್ಕು ಇರುತ್ತದೆ, ಕೈ ಆ ಕಡೆ ಹೋಗುವಾಗ ಜಾಸ್ತಿ ಮಿಡಿಯುತ್ತದೆ, ಬೇರೆ ಕಡೆ ಹೋಗುವಾಗ ಕಡಿಮೆ. ಒಂದನ್ನೇ ಕೇಳಿದರೆ ಏನೂ ತಿಳಿಯದು. ನೂರನ್ನು ಒಟ್ಟಿಗೆ ಕೇಳಿದರೆ ದಿಕ್ಕು ಸ್ಪಷ್ಟ. ಡೊಂಬಿವಲಿ ಸ್ಟೇಷನ್ನಿನ ಬ್ರಿಡ್ಜ್ ಮೇಲೆ ಬೆಳಿಗ್ಗೆ ನಿಂತವರಿಗೆ ಇದು ಹೇಳಿಕೊಡಬೇಕಾಗಿಲ್ಲ. ಅನೌನ್ಸ್‌ಮೆಂಟ್ ಗದ್ದಲದಲ್ಲಿ ಕೇಳುವುದಿಲ್ಲ, ಒಬ್ಬರನ್ನು ನೋಡಿದರೆ ಅವರು ವಡಾಪಾವ್ ತಗೊಳ್ಳಲು ಹೊರಟಿರಬಹುದು, ಆದರೆ ಇಡೀ ಗುಂಪು ಎತ್ತ ಹೆಜ್ಜೆ ಹಾಕುತ್ತಿದೆ ಅಂತ ನೋಡಿದರೆ ಗಾಡಿ ಯಾವ ಪ್ಲಾಟ್‌ಫಾರ್ಮಿಗೆ ಬರುತ್ತಿದೆ ಅಂತ ತಿಳಿದುಬಿಡುತ್ತದೆ. ಮೆದುಳಿನ ಸುಮಾರು 8,600 ಕೋಟಿ ನರಕೋಶಗಳಲ್ಲಿ ಬರೀ ನೂರರಷ್ಟನ್ನು ಕೇಳಿಸಿಕೊಂಡೇ ಒಂದು ಕೈಯನ್ನು ನಡೆಸಬಹುದು ಅನ್ನುವುದು ನನಗೆ ಇವತ್ತಿಗೂ ಮೈ ಜುಮ್ಮೆನ್ನಿಸುವ ವಿಷಯ.

ಈ ನೂರನ್ನು ಕೇಳುವುದು ಹೇಗೆ? ಇಲ್ಲಿಂದ ಕಷ್ಟ ಶುರು.

ತಲೆಯ ಮೇಲಿಂದಲೇ ಕೇಳಬಹುದಲ್ಲ, ಆಪರೇಷನ್ ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ಇಇಜಿ ರೂಮಿಗೆ ಬನ್ನಿ. ತಲೆಯ ಚರ್ಮವನ್ನು ಉಜ್ಜಿ ಸ್ವಚ್ಛ ಮಾಡಿ, ಪೇಸ್ಟ್ ಹಚ್ಚಿ, ಒಂದೊಂದೇ ಎಲೆಕ್ಟ್ರೋಡ್ ಅಂಟಿಸುತ್ತಾರೆ. ಹೃದಯದ ಸಿಗ್ನಲ್ ಎದೆಯ ಮೇಲೆ ಸುಮಾರು 1 ಮಿಲಿವೋಲ್ಟ್ ಸಿಗುತ್ತದೆ. ತಲೆಯ ಮೇಲೆ ಸಿಗುವುದು ಅದರ ಹತ್ತನೇ ಒಂದು ಭಾಗ, ಎಷ್ಟೋ ಸಲ ನೂರನೇ ಒಂದು ಭಾಗ. ತಲೆಬುರುಡೆ ಅಷ್ಟನ್ನು ನುಂಗಿಬಿಡುತ್ತದೆ. ರೋಗಿ ಕಣ್ಣು ಮಿಟುಕಿಸಿದರೆ ಪರದೆಯ ಮೇಲೆ ದೊಡ್ಡ ಅಲೆ ಏಳುತ್ತದೆ. ಹಲ್ಲು ಕಚ್ಚಿದರೆ ಎಲ್ಲ ಗೆರೆಯೂ ಕಪ್ಪು ಪೊದೆಯಾಗುತ್ತದೆ, ಮೆದುಳು ಕಾಣುವುದೇ ಇಲ್ಲ. ಪಕ್ಕದ ಪ್ಲಗ್ಗಿನ ಅರ್ಥಿಂಗ್ ಸರಿ ಇಲ್ಲದಿದ್ದರೆ 50 ಹರ್ಟ್ಸ್‌ನ ಗುಂಯ್ ಬಂದು ಕೂರುತ್ತದೆ. ಮೇ ತಿಂಗಳ ಮುಂಬೈ ಸೆಕೆಯಲ್ಲಿ ಬೆವರಿನಿಂದಲೇ ಗೆರೆಗಳು ಮೇಲೆ ಕೆಳಗೆ ತೇಲುತ್ತವೆ. ನಾನು ಹೋಗಿ ಸರಿ ಮಾಡಿದ ದೂರುಗಳಲ್ಲಿ ಜಾಸ್ತಿ ಇಂಥವೇ.

ಇಷ್ಟಾದರೂ ಇಇಜಿಯವರು ಬಿಟ್ಟಿಲ್ಲ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಬಿನ್ ಹೆ ಅವರ ತಂಡ 2019ರಲ್ಲಿ, ತಲೆಗೆ ಟೋಪಿ ಹಾಕಿಕೊಂಡೇ ರೋಬೋ ಕೈಯಿಂದ ಕರ್ಸರ್ ಅನ್ನು ಎಡೆಬಿಡದೆ ಹಿಂಬಾಲಿಸಿ ತೋರಿಸಿತು. ಒಳ್ಳೆಯ ಕೆಲಸ. ಆದರೆ ಬಿಸಿ ಚಹಾದ ಲೋಟವನ್ನು ಬಾಯಿಯ ಹತ್ತಿರ ತರುವಷ್ಟು ಭರವಸೆ ಟೋಪಿಯ ಮೇಲೆ ನನಗಿಲ್ಲ. ಹಾಗಾಗಿ, ತಲೆಪಟ್ಟಿ ಕಟ್ಟಿಕೊಂಡರೆ ಲಕ್ವ ಹೊಡೆದ ಕೈ ಎದ್ದು ನಡೆಯುತ್ತದೆ ಅಂತ ಯಾರಾದರೂ ನಿಮಗೆ ಮಾರಲು ಬಂದರೆ ಖಂಡಿತ ದುಡ್ಡು ಕೊಡಬೇಡಿ.

ಒಳಗೆ ಇಡುವ ಚಿಪ್‌ಗಳಲ್ಲಿ ಹೆಚ್ಚು ಹಳೆಯದು, ಹೆಚ್ಚು ಪರೀಕ್ಷೆ ಆದದ್ದು ಯೂಟಾ ಅರೇ. 4 ಮಿಲಿಮೀಟರ್ ಚೌಕ, ಹೆಚ್ಚುಕಡಿಮೆ ಒಂದು ತೊಗರಿಬೇಳೆ. ಅದರಲ್ಲಿ ಮಿಲಿಮೀಟರಿಗಿಂತ ಸ್ವಲ್ಪ ಉದ್ದದ 100 ಸೂಜಿ. ಬುರುಡೆಯಲ್ಲಿ ಕಿಂಡಿ ತೆಗೆದು ಮೆದುಳಿನ ಮೇಲ್ಪದರಕ್ಕೆ ಚುಚ್ಚಿ ಕೂರಿಸುತ್ತಾರೆ. ತಂತಿ ಹೊರಗೆ ಬರುತ್ತದೆ, ನೆತ್ತಿಯ ಮೇಲೆ ಒಂದು ಕನೆಕ್ಟರ್ ನಿಂತಿರುತ್ತದೆ, ಕೈ ಬೇಕಾದಾಗ ಅದಕ್ಕೆ ಕೇಬಲ್ ಸಿಕ್ಕಿಸಬೇಕು. ಚರ್ಮ ಸೀಳಿ ಹೊರಬಂದ ಯಾವ ವಸ್ತುವೂ ಸೋಂಕಿಗೆ ಬಾಗಿಲು. ಮಾವನ ಕ್ಯಾಥೆಟರಿನಿಂದಲೇ ನಮಗೆ ಆ ಪಾಠ ಎಷ್ಟೋ ಸಲ ಆಗಿದೆ. ಆದರೂ ನ್ಯಾಯವಾಗಿ ಹೇಳಬೇಕು, ಭಯಪಟ್ಟಷ್ಟು ಆಗಿಲ್ಲ. ಬ್ರೈನ್‌ಗೇಟ್‌ನವರು 2023ರಲ್ಲಿ ತಮ್ಮ 14 ಜನರ, ಒಟ್ಟು 12,203 ದಿನಗಳ ಲೆಕ್ಕ ಮುಂದಿಟ್ಟರು. ಉಪಕರಣಕ್ಕೆ ಸಂಬಂಧಿಸಿದ ತೊಂದರೆಗಳು 68, ಅದರಲ್ಲಿ ಗಂಭೀರವಾದವು 6. ಉಪಕರಣದಿಂದ ಯಾರೂ ಸಾಯಲಿಲ್ಲ, ಯಾರಿಗೂ ಶಾಶ್ವತವಾದ ಹೊಸ ಅಂಗವೈಕಲ್ಯ ಬರಲಿಲ್ಲ. ಇದು ಸಣ್ಣ ಮಾತಲ್ಲ.

ಆದರೆ ಮೆದುಳು ತನ್ನೊಳಗೆ ಬಂದ ಮುಳ್ಳನ್ನು ಸುಮ್ಮನೆ ಬಿಡುವುದಿಲ್ಲ. ಸೂಜಿಯ ಸುತ್ತ ಗಾಯದ ಪದರ ಕಟ್ಟುತ್ತದೆ, ವರ್ಷ ಕಳೆದಂತೆ ಕೇಳುವ ಧ್ವನಿಗಳು ಕಡಿಮೆಯಾಗುತ್ತವೆ. ಇಲಾನ್ ಮಸ್ಕ್ ಅವರ ನ್ಯೂರಾಲಿಂಕ್ ಕಂಪನಿ ಸೂಜಿಯ ಬದಲು ಮೆತ್ತಗಿನ ದಾರ ಹಿಡಿಯಿತು: 64 ದಾರ, 1,024 ಎಲೆಕ್ಟ್ರೋಡ್, ತಂತಿ ಇಲ್ಲ, ಚರ್ಮ ಪೂರ್ತಿ ಮುಚ್ಚುತ್ತದೆ. 2024ರ ಜನವರಿಯಲ್ಲಿ ಮೊದಲಿಗೆ ಹಾಕಿಸಿಕೊಂಡ ನೋಲಂಡ್ ಆರ್ಬಾ ಅವರಲ್ಲಿ ಕೆಲವೇ ವಾರಗಳಲ್ಲಿ ಎಷ್ಟೋ ದಾರಗಳು ಮೆದುಳಿನಿಂದ ಹಿಂದಕ್ಕೆ ಸರಿದುಬಿಟ್ಟವು. ಸಾಫ್ಟ್‌ವೇರ್ ಬದಲಿಸಿ ಉಳಿದವುಗಳಲ್ಲೇ ಕೆಲಸ ನಡೆಸಿದರು. ಅದೇ ವರ್ಷ ನವೆಂಬರಿನಲ್ಲಿ, ಅದೇ ಚಿಪ್‌ನಿಂದ ರೋಬೋ ಕೈ ನಡೆಸುವ ಪ್ರಯೋಗಕ್ಕೆ ಅನುಮತಿ ಸಿಕ್ಕಿದೆ ಅಂತ ಕಂಪನಿ ಹೇಳಿತು. ಸಿಂಕ್ರಾನ್ ಕಂಪನಿ ಬುರುಡೆಗೆ ಕೈ ಹಚ್ಚುವುದೇ ಇಲ್ಲ, ಕುತ್ತಿಗೆಯ ರಕ್ತನಾಳದ ದಾರಿಯಲ್ಲಿ ಸ್ಟೆಂಟ್‌ನಂಥದ್ದನ್ನು ಮೆದುಳಿನ ಹತ್ತಿರ ಕೂರಿಸುತ್ತದೆ. ಆಪರೇಷನ್ ಸುಲಭ. ಆದರೆ ಅದರಲ್ಲಿ 16 ಎಲೆಕ್ಟ್ರೋಡ್ ಮಾತ್ರ, ಕ್ಲಿಕ್ ಮಾಡಲು ಸಾಕು, ಬೆರಳು ಆಡಿಸಲು ಸಾಲದು.

ಅತ್ತೆ ಇದನ್ನೆಲ್ಲ ಕೇಳುತ್ತಾ ಕೂತಿದ್ದವರು ನಡುವೆ ಕೇಳಿದರು, "ಅದು ಮನಸ್ಸಿನಲ್ಲಿ ಇದ್ದದ್ದೆಲ್ಲ ಓದ್ತದಾ?" ಇಲ್ಲ. ಕೈ ಆಡಿಸುವ ಜಾಗದಲ್ಲಿಟ್ಟ ಚಿಪ್‌ಗೆ ಮುಖ್ಯವಾಗಿ ಕೇಳುವುದು ಆಡಿಸುವ ಪ್ರಯತ್ನ. ಆದರೆ ಮಾತಿಗೆ ಸಂಬಂಧಪಟ್ಟ ಚಿಪ್‌ಗಳ ವಿಷಯದಲ್ಲಿ ಅವರ ಪ್ರಶ್ನೆ ಸರಿಯಾಗಿಯೇ ಇದೆ. 2025ರಲ್ಲಿ ಸ್ಟ್ಯಾನ್‌ಫರ್ಡ್ ತಂಡವೊಂದು, ಮನಸ್ಸಿನೊಳಗೇ ಹೇಳಿಕೊಂಡ ಮಾತೂ ಸ್ವಲ್ಪಮಟ್ಟಿಗೆ ಸಿಗುತ್ತದೆ ಅಂತ ತೋರಿಸಿತು. ಅದಕ್ಕೇ, ಮನಸ್ಸಿನಲ್ಲೇ ಒಂದು ಗುಟ್ಟಿನ ಪದ ಹೇಳಿದರೆ ಮಾತ್ರ ಯಂತ್ರ ಕಿವಿಗೊಡುವ ಹಾಗೆ ಬೀಗವನ್ನೂ ಮಾಡಿತು.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ ಪ್ರಯೋಗಕ್ಕೆ ಬರುತ್ತೇನೆ. ಅದರ ವಿಡಿಯೊ ವಾಟ್ಸಾಪ್‌ನಲ್ಲಿ ಅಷ್ಟು ಓಡಲಿಲ್ಲ.

ಈ ಯಂತ್ರಗಳ ದೊಡ್ಡ ಕಾಯಿಲೆ ಅಂದರೆ ನಿನ್ನೆ ಕಲಿತದ್ದು ಇವತ್ತು ಹೊಂದುವುದಿಲ್ಲ. ಮೆದುಳಿನ ಮಿಡಿತದ ರೀತಿ ದಿನದಿಂದ ದಿನಕ್ಕೆ ಸ್ವಲ್ಪ ಸರಿಯುತ್ತದೆ. ಹಾಗಾಗಿ ದಿನಾ ಬೆಳಿಗ್ಗೆ ಎಂಜಿನಿಯರ್ ಬಂದು, ಕೇಬಲ್ ಸಿಕ್ಕಿಸಿ, ರೋಗಿಯಿಂದ ಅದೇ ಅಭ್ಯಾಸ ಮಾಡಿಸಿ, ಮತ್ತೆ ಹೊಂದಿಸಬೇಕಿತ್ತು. ಲ್ಯಾಬಿನಲ್ಲಿ ಸರಿ. ಡೊಂಬಿವಲಿಯ ಎರಡನೇ ಮಾಳಿಗೆಗೆ ದಿನಾ ಯಾರು ಬರುತ್ತಾರೆ?

ಸ್ಯಾನ್ ಫ್ರಾನ್ಸಿಸ್ಕೋದ ಯುಸಿಎಸ್‌ಎಫ್ ವಿಶ್ವವಿದ್ಯಾಲಯದಲ್ಲಿ ಕರುಣೇಶ್ ಗಂಗೂಲಿ ಮತ್ತು ನಿಖಿಲೇಶ್ ನಟರಾಜ್ ಇದರ ಹಿಂದೆ ಬಿದ್ದರು. ಸ್ಟ್ರೋಕ್‌ನಿಂದ ಮಾತು, ಚಲನೆ ಎರಡೂ ಹೋಗಿದ್ದ ಒಬ್ಬರ ಮೆದುಳಿನ ಮೇಲೆ, ಚುಚ್ಚದೆ, ಹಾಸಿದ ಹಾಗೆ ಸೆನ್ಸರ್ ಇಟ್ಟಿದ್ದರು. ಕೈ, ಕಾಲು, ತಲೆ ಆಡಿಸಿದಂತೆ ನೆನೆಯಲು ಹೇಳಿ ದಿನಗಟ್ಟಲೆ ನೋಡಿದಾಗ ಒಂದು ವಿಷಯ ಕಂಡಿತು. ಪ್ರತಿ ಚಲನೆಯ ಮಿಡಿತದ ಆಕಾರ ಹಾಗೇ ಇತ್ತು, ಅದು ಇರುವ ಜಾಗ ಮಾತ್ರ ದಿನಾ ಸ್ವಲ್ಪ ಸರಿಯುತ್ತಿತ್ತು. ಸರಿಯುವುದಕ್ಕೂ ಒಂದು ರೀತಿ ಇದೆ ಅಂತಾದರೆ ಅದನ್ನೂ ಯಂತ್ರಕ್ಕೆ ಕಲಿಸಬಹುದಲ್ಲ? ಕಲಿಸಿದರು. ಆ ರೋಗಿ ಮೊದಲು ಪರದೆಯ ಮೇಲಿನ ಕೈಯಲ್ಲಿ ಅಭ್ಯಾಸ ಮಾಡಿ, ಆಮೇಲೆ ನಿಜವಾದ ರೋಬೋ ಕೈಯಿಂದ ಮರದ ತುಂಡು ಎತ್ತಿದರು, ಕಪಾಟು ತೆರೆದು ಲೋಟ ತೆಗೆದರು, ಅದನ್ನು ನೀರಿನ ಯಂತ್ರದ ಕೆಳಗೆ ಹಿಡಿದರು. ಕೈ ಅವರ ಮಾತು ಕೇಳಿದ್ದು 7 ತಿಂಗಳು. ತಿಂಗಳುಗಳ ನಂತರ ಮತ್ತೆ ಕೂತಾಗ ಬೇಕಾದದ್ದು 15 ನಿಮಿಷದ ಹೊಂದಿಸುವಿಕೆ. 2025ರ ಮಾರ್ಚ್‌ನಲ್ಲಿ ಇದು ಸೆಲ್ ಪತ್ರಿಕೆಯಲ್ಲಿ ಬಂತು. ದಿನಾ ಎಂಜಿನಿಯರ್ ಬರಬೇಕಾದ ಯಂತ್ರಕ್ಕೂ ಅಪರೂಪಕ್ಕೆ ಕಾಲು ಗಂಟೆ ಸಾಕಾಗುವ ಯಂತ್ರಕ್ಕೂ ಇರುವ ವ್ಯತ್ಯಾಸ ಎಷ್ಟು ದೊಡ್ಡದು ಅಂತ ಸರ್ವಿಸ್ ಕೆಲಸದವರನ್ನು ಕೇಳಿ. ಮನೆಯ ಬಾಗಿಲಿನ ಕಡೆಗೆ ಇಟ್ಟ ನಿಜವಾದ ಹೆಜ್ಜೆ ಇದು.

ಇನ್ನೊಂದು ಕೊರತೆ ಸ್ಪರ್ಶ. ಕೈ ಜೋಮು ಹಿಡಿದಾಗ ಸ್ಟೀಲ್ ಲೋಟ ಎತ್ತಿ ನೋಡಿ. ಕಣ್ಣಿಗೆ ಲೋಟ ಕಾಣುತ್ತದೆ, ಬೆರಳು ಸುತ್ತಿದ್ದೂ ಕಾಣುತ್ತದೆ, ಆದರೂ ಹಿಡಿತ ಸಾಕಾ, ಜಾರುತ್ತಿದೆಯಾ ಗೊತ್ತಾಗುವುದಿಲ್ಲ. ಪಿಟ್ಸ್‌ಬರ್ಗ್‌ನಲ್ಲಿ ನೇಥನ್ ಕೋಪ್ಲೆಂಡ್ ಎಂಬವರ ಮೆದುಳಿನಲ್ಲಿ ಸ್ಪರ್ಶದ ಜಾಗದಲ್ಲೂ ಚಿಪ್ ಇಟ್ಟರು. ರೋಬೋ ಬೆರಳಿಗೆ ಏನಾದರೂ ತಾಗಿದರೆ ಅಲ್ಲಿ ಸಣ್ಣ ಕರೆಂಟ್ ಕೊಡುತ್ತಾರೆ, ತಮ್ಮದೇ ಬೆರಳಿಗೆ ತಾಗಿದ ಹಾಗೆ ಅವರಿಗೆ ಅನ್ನಿಸುತ್ತದೆ. 2016ರಲ್ಲಿ ಅಧ್ಯಕ್ಷ ಒಬಾಮಾ ಮುಷ್ಟಿಗೆ ಮುಷ್ಟಿ ತಾಗಿಸಿದ್ದು ಇವರ ರೋಬೋ ಕೈಗೇ. 2021ರಲ್ಲಿ ಪ್ರಕಟವಾದ ಲೆಕ್ಕ ನೋಡಿ: ವಸ್ತು ಎತ್ತಿ ಇಡುವ ಕೆಲಸಕ್ಕೆ ಸ್ಪರ್ಶ ಇಲ್ಲದಾಗ 20.9 ಸೆಕೆಂಡ್, ಸ್ಪರ್ಶ ಇದ್ದಾಗ 10.2 ಸೆಕೆಂಡ್. ಸಮಯ ಅರ್ಧಕ್ಕೆ ಇಳಿಯಿತು.

ರೋಬೋ ಕೈ ಯಾಕೆ, ಸ್ವಂತ ಕೈಯನ್ನೇ ಆಡಿಸಬಾರದಾ? ಮಾವ ಕೇಳಿದ್ದೂ ಅದನ್ನೇ. ಆ ದಾರಿಯೂ ಇದೆ. ಮೆದುಳಿನ ಸಿಗ್ನಲ್ ಹಿಡಿದು, ಕೆಟ್ಟ ಬೆನ್ನುಹುರಿಯನ್ನು ಬಿಟ್ಟು ಬೇರೆ ದಾರಿಯಲ್ಲಿ ಹೋಗಿ, ಕೈಯ ಸ್ನಾಯುಗಳಿಗೇ ಕರೆಂಟ್ ಕೊಡುವುದು. ಕ್ಲೀವ್‌ಲೆಂಡ್‌ನಲ್ಲಿ ಬಿಲ್ ಕೊಚೆವಾರ್ ಎಂಬವರು ಹೀಗೆ ತಮ್ಮ ಸ್ವಂತ ಕೈಯಿಂದ ಆಲೂಗಡ್ಡೆ ಪಲ್ಯದಂಥದ್ದನ್ನು ತಿಂದು, ಕಾಫಿ ಕುಡಿದರು. 2017ರಲ್ಲಿ ಅದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಆದರೆ ಆ ಸ್ನಾಯು ಬೇಗ ಸುಸ್ತಾಗುತ್ತದೆ. ಜೊತೆಗೆ ವರ್ಷಗಟ್ಟಲೆ ಫಿಸಿಯೊಥೆರಪಿ ಇಲ್ಲದೆ ಕೀಲುಗಳು ಬಿಗಿದುಹೋಗಿದ್ದರೆ ಯಾವ ಕರೆಂಟೂ ಕೈ ಎತ್ತಲಾರದು. ಹಾಸಿಗೆ ಹಿಡಿದವರ ಬೆರಳು, ಮೊಣಕೈ, ಭುಜವನ್ನು ದಿನಾ ಆಡಿಸಿ ಅಂತ ಫಿಸಿಯೊದವರು ಗೋಗರೆಯುವುದಕ್ಕೆ ಇದೂ ಒಂದು ಕಾರಣ ಅಂತ ತಿಳಿದುಕೊಳ್ಳಿ. ಮುಂದೆ ಯಾವ ತಂತ್ರಜ್ಞಾನ ಬಂದರೂ ಅದು ಹುಡುಕಿಕೊಂಡು ಬರುವುದು ಸಡಿಲವಾಗಿರುವ ಕೀಲನ್ನು, ಹುಣ್ಣಿಲ್ಲದ ಬೆನ್ನನ್ನು.

ಕೈ ಎಷ್ಟು ಮುಖ್ಯ? 2004ರಲ್ಲಿ ಕಿಮ್ ಆ್ಯಂಡರ್ಸನ್ ಎಂಬ ಸಂಶೋಧಕಿ ಬೆನ್ನುಹುರಿಗೆ ಪೆಟ್ಟಾದ 681 ಜನರನ್ನು ಕೇಳಿದರು, ಯಾವುದು ಮೊದಲು ವಾಪಸ್ ಬರಬೇಕು ಅಂತ. ಕೈಕಾಲು ನಾಲ್ಕೂ ಹೋದವರಲ್ಲಿ ಸುಮಾರು ಅರ್ಧ ಜನ, 48.7 ಶೇಕಡಾ, ಮೊದಲು ಕೇಳಿದ್ದು ಕೈ. ನಡೆಯುವುದನ್ನಲ್ಲ.

ನಮ್ಮ ಮನೆಯಲ್ಲಿ ನನಗೆ ಅದು ಅರ್ಥವಾದದ್ದು ಗಂಜಿ ಊಟದ ಹೊತ್ತಿಗೆ. ಅತ್ತೆ ರಾತ್ರಿ ಕುಚ್ಚಲಕ್ಕಿ ಗಂಜಿಗೆ ಮಿಡಿ ಉಪ್ಪಿನಕಾಯಿಯ ರಸ ಕಲಸಿ, ಚಮಚದಲ್ಲಿ ಬಾಯಿಗೆ ಕೊಡುತ್ತಾರೆ. ಅವರಿಗೂ ಅವಸರ. ಊಟ ಆದ ಮೇಲೆ ಮಾತ್ರೆ, ಕ್ಯಾಥೆಟರ್ ಚೀಲ, ಬೆನ್ನು ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಆರೈಕೆಗೆ ಬ್ಯೂರೋದಿಂದ ಬರುವ ಹುಡುಗ ಒಂಬತ್ತಕ್ಕೆ ಹೊರಟುಬಿಡುತ್ತಾನೆ. ನಾನು ಮಾವನನ್ನು ಕೇಳಿದೆ, ರೋಬೋ ಕೈ ಸಿಕ್ಕರೆ ಮೊದಲು ಏನು ಮಾಡುತ್ತೀರಿ ಅಂತ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು, "ಉಪ್ಪಿನಕಾಯಿ ಬೇರೆ ಇಟ್ಕೊಳ್ತೇನೆ. ಎರಡು ಚಮಚ ಬರೀ ಗಂಜಿ. ಆಮೇಲೆ ನಾಲಿಗೆ ತುದಿಗೆ ಒಂಚೂರು ಉಪ್ಪಿನಕಾಯಿ. ಹೀಗೆ ಉಣ್ಣದೆ ಎಂಟು ವರ್ಷ ಆಯ್ತು." ಅತ್ತೆಗೆ ಅದು ಗೊತ್ತೇ ಇರಲಿಲ್ಲ. ಅವರು ಹೇಳಿರಲೇ ಇಲ್ಲ. ಬಾಯಿ ತುಂಬಿಸುವ ಕೈ ಹೇಗೋ ಸಿಗುತ್ತದೆ. ಯಾವ ತುತ್ತು ಯಾವಾಗ ಅಂತ ತಾನೇ ನಿರ್ಧರಿಸುವ ಕೈ ಬೇರೆ, ಹಚಿನ್ಸನ್ ಮುಖದ ಮೇಲಿದ್ದ ನಗು ಅದರದ್ದು ಅಂತ ನನಗೆ ಅವತ್ತು ತಿಳಿಯಿತು.

ಈಗ ಕಹಿ ಭಾಗ. ಎಎಂಸಿ.

ಸೆಕೆಂಡ್ ಸೈಟ್ ಎಂಬ ಅಮೆರಿಕದ ಕಂಪನಿ ಕಣ್ಣು ಕಾಣದವರ ರೆಟಿನಾದಲ್ಲಿ ಚಿಪ್ ಇಡುತ್ತಿತ್ತು. ಆರ್ಗಸ್ 2 ಅಂತ ಹೆಸರು. ಜಗತ್ತಿನಲ್ಲಿ 350ಕ್ಕೂ ಹೆಚ್ಚು ಜನ ಹಾಕಿಸಿಕೊಂಡರು. ಲಾಭ ಬರಲಿಲ್ಲ, 2019ರಲ್ಲಿ ಆ ಚಿಪ್ ತಯಾರಿಸುವುದನ್ನು ನಿಲ್ಲಿಸಿತು, ಮರುವರ್ಷ ಹೆಚ್ಚಿನ ನೌಕರರನ್ನು ಮನೆಗೆ ಕಳಿಸಿತು. ಯಂತ್ರ ಕೆಟ್ಟರೆ ಕೇಳುವವರಿಲ್ಲ, ಬಿಡಿಭಾಗ ಇಲ್ಲ. ಜನರ ಕಣ್ಣೊಳಗೆ ಚಿಪ್ ಮಾತ್ರ ಉಳಿಯಿತು. ಆಸ್ಪತ್ರೆಯಲ್ಲಿ ಕಂಪನಿ ಮುಚ್ಚಿದ ಮಾನಿಟರನ್ನು ಮೂಲೆಗೆ ತಳ್ಳಬಹುದು, ತಲೆಯೊಳಗಿನದನ್ನು ಎಲ್ಲಿಗೆ ತಳ್ಳುವುದು? ಒಹಾಯೋದ ಇಯಾನ್ ಬರ್ಕ್‌ಹಾರ್ಟ್ ಮೆದುಳಿನ ಚಿಪ್‌ನಿಂದ ತಮ್ಮದೇ ಕೈಯನ್ನು ಆಡಿಸಿ ಹೆಸರಾದವರು. ಏಳು ವರ್ಷದ ಮೇಲೆ, 2021ರಲ್ಲಿ, ಸೋಂಕಾಗಿ ಅದನ್ನು ತೆಗೆಸಬೇಕಾಯಿತು. ವಾಪಸ್ ಬಂದ ಕೈ ಎರಡನೇ ಸಲ ಹೋಯಿತು. ಈಗ ಅವರು ಇಂಥ ಚಿಪ್ ಹಾಕಿಸಿಕೊಂಡವರ ಕೂಟ ಕಟ್ಟಿ, ಪ್ರಯೋಗ ಮುಗಿದ ಮೇಲೆ ನಮ್ಮ ಹೊಣೆ ಯಾರದ್ದು ಅಂತ ಕೇಳುತ್ತಿದ್ದಾರೆ.

ಮೇಲೆ ಹೇಳಿದ ಮೆದುಳಿನ ಚಿಪ್‌ನವರೆಲ್ಲ ಪ್ರಯೋಗಕ್ಕೆ ಸೇರಿದವರು, ಅಂಗಡಿಯಲ್ಲಿ ಕೊಂಡವರಲ್ಲ. ಹಾಗಾಗಿ ಮಾವನ ಎರಡನೇ ಪ್ರಶ್ನೆಗೆ ನಾನು ಇಸವಿ ಹೇಳಲಿಲ್ಲ. ಬೇರೆ ಎರಡು ಮಾತು ಹೇಳಿದೆ.

ಒಂದು, ಕೈ ಈಗಲೇ ಇದೆ, ಮೆದುಳಿನ ಸಿಗ್ನಲ್ ಮಾತ್ರ ದೂರ ಇದೆ. ಕೆನಡಾದ ಕಿನೋವಾ ಕಂಪನಿಯ ಜಾಕೋ ಎಂಬ ಕೈ ಗಾಲಿಕುರ್ಚಿಗೆ ಸಿಕ್ಕಿಸುವಂಥದ್ದು, ಜಾಯ್‌ಸ್ಟಿಕ್‌ನಲ್ಲೇ ನಡೆಯುತ್ತದೆ. ಕತ್ತು ಆಡುವವರಿಗೆ ಗದ್ದದಿಂದ ನಡೆಸುವ ಜಾಯ್‌ಸ್ಟಿಕ್ ಇದೆ, ಕಣ್ಣಿನ ನೋಟದಿಂದ ನಡೆಯುವ ಪರದೆ ಇದೆ. ಬುರುಡೆ ಕೊರೆಯದೆ ಇಷ್ಟು ಆಗುವಾಗ ಮೊದಲು ಇದನ್ನು ಪ್ರಯತ್ನಿಸಬೇಕು. ತಲೆಯನ್ನೂ ಆಡಿಸಲಾಗದವರಿಗೆ ಮೆದುಳಿನ ಚಿಪ್‌ನ ಬೆಲೆಯೇ ಬೇರೆ. ಜಾಕೋ ನಮ್ಮಂಥವರಿಗೆ ತುಂಬಾ ದುಬಾರಿ, ನಿಜ. ಆದರೆ ಅದರಲ್ಲಿ ಅಸಾಧ್ಯವಾದದ್ದು ಏನೂ ಇಲ್ಲ, ಮೋಟಾರು, ಗೇರು, ಬ್ಯಾಟರಿ. ಪುಣೆಯ ಚಾಕಣ್‌ನಲ್ಲಿ ಕಾರಿಗೆ ವೆಲ್ಡಿಂಗ್ ಮಾಡುವ ರೋಬೋ ಕೈಗಳು ಸಾಲುಸಾಲಾಗಿ ನಿಂತಿರುವ ರಾಜ್ಯ ಇದು. ಊಟ ಮಾಡಿಸುವ ಒಂದು ಕೈಯನ್ನು ಕಡಿಮೆ ಬೆಲೆಗೆ ಇಲ್ಲೇ ಮಾಡಲಾಗದು ಅಂತ ನಾನು ಒಪ್ಪುವುದಿಲ್ಲ.

ಎರಡು, ಇಲ್ಲಿ ಇರುವುದನ್ನು ಪೂರ್ತಿ ಬಳಸೋಣ. ಮುಂಬೈಯ ಹಾಜಿ ಅಲಿಯಲ್ಲಿ 1955ರಿಂದ ಅಖಿಲ ಭಾರತ ಪುನರ್ವಸತಿ ಸಂಸ್ಥೆ ಇದೆ, ಕೇಂದ್ರ ಸರ್ಕಾರದ್ದು. ಕುತ್ತಿಗೆಯ ಐದನೇ, ಆರನೇ ಮೂಳೆಯ ಪೆಟ್ಟಿನವರಿಗೆ ಅಂಗೈಗೆ ಕಟ್ಟುವ ಒಂದು ಪಟ್ಟಿ ಸಿಗುತ್ತದೆ, ಯೂನಿವರ್ಸಲ್ ಕಫ್ ಅಂತಾರೆ. ಅದರ ಜೇಬಿಗೆ ಚಮಚ ಸಿಕ್ಕಿಸಿದರೆ ಬೆರಳು ಆಡದವರೂ ತಾವೇ ಉಣ್ಣಬಹುದು. ಒಂದು ತುಂಡು ಬಟ್ಟೆ, ಒಂದು ವೆಲ್ಕ್ರೋ. ಇದರ ಹೆಸರೇ ಕೇಳದ ಮನೆಗಳು ನಮ್ಮವರಲ್ಲಿ ಎಷ್ಟೋ ಇವೆ. ಪುಣೆಯ ಖಡ್ಕಿಯಲ್ಲಿ ಬೆನ್ನುಹುರಿ ಪೆಟ್ಟಿನ ಸೈನಿಕರ ಕೇಂದ್ರ ಇದೆ, ಅಲ್ಲಿ ಬಾಯಲ್ಲಿ ಕುಂಚ ಹಿಡಿದು ಚಿತ್ರ ಬರೆಯುವವರಿದ್ದಾರೆ. ಊರಿಂದ ಬಂದು ಮುಂಬೈ, ಪುಣೆ, ಗೋವಾದ ಕಟ್ಟಡಗಳ ಪರಾಂಚಿಯಿಂದ ಬಿದ್ದ ವಿಜಯಪುರ, ಗದಗ ಕಡೆಯ ಕೂಲಿ ಹುಡುಗರಿಗೆ ಅಂಥ ಆರೈಕೆ ಎಲ್ಲಿದೆ ಅಂತ ಮಾತ್ರ ನಮ್ಮ ಸಂಘಗಳು ಕೇಳಿಕೊಳ್ಳಬೇಕು. ಅವರನ್ನು ಆಸ್ಪತ್ರೆಯಿಂದ ನೇರ ಊರಿನ ಬಸ್ಸಿಗೆ ಹತ್ತಿಸುವುದೇ ಜಾಸ್ತಿ.

ಇನ್ನೊಂದು ಎಚ್ಚರಿಕೆ. ನಮ್ಮ ಹತಾಶೆಯ ಮೇಲೆ ವ್ಯಾಪಾರ ಮಾಡುವವರಿದ್ದಾರೆ. ಮಾವ ಬಿದ್ದ ಎರಡನೇ ವರ್ಷ ಒಂದು ಕಡೆ ಸ್ಟೆಮ್ ಸೆಲ್ ಇಂಜೆಕ್ಷನ್‌ಗೆ ಲಕ್ಷಗಟ್ಟಲೆ ಕೇಳಿದರು, ಊರಿನ ಜಾಗ ಮಾರುವ ಮಾತು ಬಂದಿತ್ತು. ವೈದ್ಯಕೀಯ ಸಂಶೋಧನೆಯ ಸರ್ಕಾರಿ ಸಂಸ್ಥೆ ಐಸಿಎಂಆರ್‌ನ 2017ರ ಮಾರ್ಗಸೂಚಿಯ ಪ್ರಕಾರ ಬೆನ್ನುಹುರಿ ಪೆಟ್ಟಿಗೆ ಅದು ಒಪ್ಪಿತ ಚಿಕಿತ್ಸೆಯೇ ಅಲ್ಲ, ಪ್ರಯೋಗವಾಗಿ ಮಾತ್ರ ಮಾಡಬಹುದು. ನಾಳೆ ಮೆದುಳಿನ ಚಿಪ್ ಹೆಸರಲ್ಲೂ ಯಾರಾದರೂ ಬರಬಹುದು. ಭಾರತದಲ್ಲಿ ಮನುಷ್ಯರ ಮೇಲೆ ನಡೆಯುವ ಪ್ರಯೋಗವನ್ನು ಸಿಟಿಆರ್‌ಐ ಎಂಬ ಸರ್ಕಾರಿ ಪಟ್ಟಿಯಲ್ಲಿ ನೋಂದಾಯಿಸುವುದು 2009ರ ಜೂನ್‌ನಿಂದ ಕಡ್ಡಾಯ. ಯಾರು ಬೇಕಾದರೂ ಆ ವೆಬ್‌ಸೈಟಿನಲ್ಲಿ ಹುಡುಕಬಹುದು. ಅಲ್ಲಿ ಇಲ್ಲದಿದ್ದರೆ ಎದ್ದು ಬನ್ನಿ. ಪ್ರಯೋಗಕ್ಕೆ ದುಡ್ಡು ಕೇಳಿದರೂ ಎದ್ದು ಬನ್ನಿ.

ನಿಜವಾದ ಪ್ರಯೋಗವೇ ಬಂದರೆ ಏನು ಕೇಳಬೇಕು ಅಂತ ಮಾವ ಮತ್ತು ನಾನು ಕೂತು ಬರೆದೆವು. ಎಂಜಿನಿಯರ್ ಇಲ್ಲದೆ ಎಷ್ಟು ದಿನ ನಡೆಯುತ್ತದೆ. ಪ್ರಯೋಗ ಮುಗಿದ ಮೇಲೆ ಚಿಪ್ ತಲೆಯಲ್ಲೇ ಇರುತ್ತದಾ, ತೆಗೆಯುತ್ತಾರಾ, ಆ ಆಪರೇಷನ್ ಖರ್ಚು ಯಾರದ್ದು. ಆಮೇಲೆ ಎಂಆರ್‌ಐ ಮಾಡಿಸಬಹುದಾ. ಕಂಪನಿ ಮುಚ್ಚಿದರೆ ಬ್ಯಾಟರಿ, ಬಿಡಿಭಾಗ ಎಲ್ಲಿಂದ. ಮನೆಯವರಿಗೆ ಕಲಿಸುತ್ತಾರಾ, ಕನ್ನಡದಲ್ಲೋ ಮರಾಠಿಯಲ್ಲೋ ಬರೆದ ಕಾಗದ ಕೊಡುತ್ತಾರಾ.

ಮಂಗಳವಾರ ಹಾಜಿ ಅಲಿಗೆ ಹೋಗುತ್ತಿದ್ದೇವೆ, ಗದ್ದದ ಜಾಯ್‌ಸ್ಟಿಕ್ ಮಾವನ ಕತ್ತಿಗೆ ಹೊಂದುತ್ತದಾ ಅಂತ ತೋರಿಸಲು. ಬರೆದಿಟ್ಟ ಪ್ರಶ್ನೆಗಳ ಪಟ್ಟಿಯನ್ನೂ ತಗೊಂಡು ಹೋಗುತ್ತೇನೆ. ನಿನ್ನೆ ರಾತ್ರಿ ಹತ್ತು ನಿಮಿಷ ಕರೆಂಟ್ ಹೋಗಿತ್ತು. ಕತ್ತಲಲ್ಲಿ ಮಾವ ನನ್ನನ್ನು ಕರೆದು ಇನ್ನೊಂದು ಪ್ರಶ್ನೆ ಸೇರಿಸಲು ಹೇಳಿದರು: "ಕೈ ನಡೀತಾ ಇರುವಾಗ ಹೀಗೆ ಕರೆಂಟ್ ಹೋದ್ರೆ ಅದು ಎಲ್ಲಿ ನಿಲ್ತದೆ? ಲೋಟ ಹಿಡಿದು ಬಾಯಿ ಹತ್ತಿರವಾ, ಎದೆ ಮೇಲಾ? ನನಗೆ ಅದನ್ನು ತಳ್ಳಲಿಕ್ಕೆ ಆಗುದಿಲ್ಲ ಅಲ್ವಾ."